ಸಿಡಿಲಮರಿ ಮತ್ತು ಆರನೇ ಹಗ್ಗ

ಜನವರಿ ೧೧

ಮಗಳೇ,

ಕ್ಷೇಮ ಸಮಾಚಾರ ಕೊನೆಗೆ. ಮೊದಲು ವಿಷಯ.

ನಿನ್ನ ಕಾಗದ ಮಧ್ಯಾಹ್ನ ಬಂತು. ನನ್ನ ಕನ್ನಡಕ ಎಲ್ಲೋ ಇಟ್ಟಿದ್ದೆ, ಹಾಗಾಗಿ ನಿನ್ನ ಅತ್ತಿಗೆ ಕಾರ್ಖಾನೆಯ ನಡುವೆ ನಿಂತು ಓದಿದಳು. ನಿನ್ನನ್ನು ಸಿಡಿಲಮರಿಯವರ ಸ್ಕ್ವಾಡ್ರನ್ನಿಗೆ ಹಾಕಿದ್ದಾರೆ ಎಂಬ ಸಾಲು ಬಂದಾಗ ನಾನು ಹೊಲಿಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದೆ. ಊರಿಗೆ ಊರೇ ಮುಳುಗಿದರೂ ಯಂತ್ರ ನಿಲ್ಲಿಸುವವಳಲ್ಲ ನಾನು ಎಂದು ನಿನಗೆ ಗೊತ್ತಿದೆ. ಹಗ್ಗದ ಕೆಲಸ ನೋಡುವ ಗಂಟಜ್ಜ, "ಏನಮ್ಮಾ, ಬೆಂಕಿ ಬಿತ್ತಾ?" ಎಂದು ಓಡಿ ಬಂದ.

"ಬೆಂಕಿ ಅಲ್ಲ, ಸಿಡಿಲು. ನನ್ನ ಮಗಳು ಇನ್ನು ಮೇಲೆ ಸಿಡಿಲಮರಿ ಕೈ ಕೆಳಗೆ ಯುದ್ಧವಿಮಾನ ಹಾರಿಸ್ತಾಳೆ" ಎಂದೆ. ಎಲ್ಲರಿಗೂ ಸಿಹಿ ಹಂಚಿಸಿದೆ. ಅಂಚು ಹೊಲಿಯುವವಳು ಎರಡು ಸಲ ಕೈ ಚಾಚಿದ್ದು ಗೊತ್ತಾಯಿತು, ಆದರೂ ಸುಮ್ಮನಿದ್ದೆ. ಅಷ್ಟು ಸಂತೋಷ.

ನನ್ನ ಮೇಜಿನ ಮೇಲಿನ ಗೋಡೆಯಲ್ಲಿರುವ ಅವರ ಚಿತ್ರ ನೋಡುತ್ತಲೇ ನೀನು ಬೆಳೆದವಳು. ಯುದ್ಧದ ವರ್ಷ ಪತ್ರಿಕೆಯಲ್ಲಿ ಬಂದದ್ದು. ಗಾಜಿನ ತುಂಬ ಕಪ್ಪು ಎಣ್ಣೆ ಮೆತ್ತಿದ ವಿಮಾನ, ಅದರ ಪಕ್ಕ ಅವರು, ಹೆಗಲ ಮೇಲೆ ಯಾರೋ ಶಹಬ್ಬಾಸ್ ಎಂದು ಇಟ್ಟ ಕೈ. ಏಟು ತಿಂದ ವಿಮಾನ, ಎದುರಿಗೆ ಏನೂ ಕಾಣದು; ಅಂಥದ್ದನ್ನು ಒಬ್ಬರೇ ಮನೆಗೆ ತಂದರು. ನಿನ್ನ ಅಪ್ಪ ತೀರಿಕೊಂಡ ಮೇಲೆ ನಾನು ಕಾರ್ಖಾನೆಯ ಬಾಗಿಲು ತೆಗೆದಾಗ, ಹೈಸ್ಕೂಲು ಓದಿದ ಹೆಂಗಸು ಡೇರೆ ಹೊಲಿಸುತ್ತಾಳಂತೆ ಎಂದು ಜನ ನಕ್ಕರು. ನಾನು ಆ ಚಿತ್ರ ನೋಡಿದೆ. ಎದುರಿಗೆ ಕತ್ತಲೆ ಇದ್ದರೂ ಹಿಡಿದದ್ದು ಬಿಡಬಾರದು, ಯಾರನ್ನೂ ಕೇಳಬಾರದು. ತಲೆ ಒಂದೇ ಇರಬೇಕು, ಮಿಕ್ಕವರು ಕೈಕಾಲು. ಈ ಪಾಠ ಅವರಿಂದ ಕಲಿತೆ. ನಕ್ಕವರ ಮಕ್ಕಳು ಈಗ ನನ್ನ ಹತ್ತಿರ ಕೆಲಸ ಕೇಳಿಕೊಂಡು ಬರುತ್ತಾರೆ.

ಈಗ ವಿವರ ಬರೆ. ಅವರ ಧ್ವನಿ ಎಷ್ಟು ದೂರ ಕೇಳುತ್ತದೆ? ಬೈಯುವಾಗ ಎದ್ದು ನಿಲ್ಲುತ್ತಾರೋ ಕೂತೇ ಬೈಯುತ್ತಾರೋ? ಒಳಗೆ ಬಂದರೆ ಜನ ಉಸಿರು ಬಿಡುತ್ತಾರೋ ಹಿಡಿಯುತ್ತಾರೋ? ಎಲ್ಲವನ್ನೂ ಇಲ್ಲಿ ಜಾರಿಗೆ ತರುತ್ತೇನೆ.

ಕ್ಷೇಮ: ಎಲ್ಲರೂ ಇದ್ದಲ್ಲೇ ಇದ್ದೇವೆ.

ನಿನ್ನ ತಾಯಿ


ಜನವರಿ ೨೯

ಅಮ್ಮಾ,

ಕೂತುಕೊಂಡು ಕೇಳು. ಅತ್ತಿಗೆ, ಮುಂದಿನ ಸಾಲು ನಿಧಾನವಾಗಿ ಓದಿ.

ಇಲ್ಲಿ ಅವರನ್ನು ಯಾರೂ ಸಿಡಿಲಮರಿ ಎನ್ನುವುದಿಲ್ಲ. ಎಲ್ಲರೂ ಕರೆಯುವುದು ನಿಧಾನಪ್ಪ ಎಂದು. ಅವರಿಗೂ ಗೊತ್ತು. ನಿಧಾನವಾಗಿ ನಡೆಯುತ್ತಾರೆ, ನಿಧಾನವಾಗಿ ಮಾತಾಡುತ್ತಾರೆ, ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ನಾವು ವಿಮಾನದ ಸುತ್ತ ಎರಡು ಸಲ ಸುತ್ತಿ ಬಂದಿರುತ್ತೇವೆ. ಧ್ವನಿ ಎಷ್ಟು ದೂರ ಕೇಳುತ್ತದೆ ಎಂದು ಕೇಳಿದೆಯಲ್ಲ, ಪಕ್ಕದ ಕುರ್ಚಿಯವರೆಗೆ. ಆಮೇಲೆ ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಮೊದಲ ದಿನ ಅವರು ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಮೆಕ್ಯಾನಿಕ್‌ಗೆ ಟಾರ್ಚು ಹಿಡಿದಿದ್ದರು. ಮೆಕ್ಯಾನಿಕ್ ಗೊಣಗುತ್ತಿದ್ದ: "ಬೆಳಕು ಅಲ್ಲಾಡಿಸ್ಬೇಡಿ ಸಾರ್. ನಿಮ್ಮ ಕೈಗಿಂತ ಆ ಸ್ಟ್ಯಾಂಡೇ ವಾಸಿ." ಅವರು ಇನ್ನೊಂದು ಕೈಯನ್ನೂ ಆಸರೆಗೆ ಕೊಟ್ಟರು. ಆಮೇಲೆ ಎದ್ದು ನನ್ನನ್ನು ನೋಡಿ, "ಮನೇಲಿ ಏನು ಕೆಲಸ ಮಾಡ್ತಾರಮ್ಮಾ?" ಎಂದರು. ಡೇರೆ ಹೊಲಿಯುತ್ತೇವೆ ಎಂದೆ. "ಹಾಗಾದ್ರೆ ನೀನು ಸೂಜಿ" ಎಂದರು. ಅಂದಿನಿಂದ ನನ್ನ ಹೆಸರು ಸೂಜಿ. ರೇಡಿಯೋದಲ್ಲೂ ಅದೇ.

ಈಗ ನಿಜವಾದ ಸುದ್ದಿ. ನಾವು ನಾಲ್ಕು ವಿಮಾನ ಒಟ್ಟಿಗೆ ಹಾರುತ್ತೇವೆ. ಮುಂದಿನದು ಲೀಡರ್. ಪಕ್ಕದ್ದು ನಂಬರ್ ಟೂ, ಲೀಡರ್‌ನ ಬೆನ್ನು ಕಾಯುವುದು. ಬೇರೆ ಕಡೆ ಹೊಸಬರು ವರ್ಷಗಟ್ಟಲೆ ಹಿಂದೆ ಹಾರಬೇಕು. ಇಲ್ಲಿ ಹೊಸಬರನ್ನು ಬೇಗ ಮುಂದೆ ಹಾಕಿ, ಸಿಡಿಲಮರಿ ತಾವೇ ನಂಬರ್ ಟೂ ಆಗಿ ಹಿಂದೆ ಬರುತ್ತಾರೆ! ಹೊಸಬ ಹೇಳಿದ್ದೇ ಅಪ್ಪಣೆ. ಎಡಕ್ಕೆ ಅಂದರೆ ಎಡಕ್ಕೆ. ಕೆಳಗಿಳಿದ ಮೇಲೆ ಇನ್ನೊಂದು ಪದ್ಧತಿ: ನಂಬರ್ ಟೂ ಲೀಡರ್‌ನ ಹೆಲ್ಮೆಟ್ ಹೊತ್ತು ತರಬೇಕು. ಮೊನ್ನೆ ನನ್ನ ಜೊತೆ ಬಂದ ಉದ್ದನೆಯ ಹುಡುಗನ ಸರದಿ. ಸಿಡಿಲಮರಿ ಅವನ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಬರುತ್ತಿದ್ದರೆ ಆ ಹುಡುಗ ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬು ಹುಡುಕುತ್ತಿದ್ದ.

ಅಮ್ಮಾ, ಅವರು ಪಕ್ಕದಲ್ಲಿ ಹಾರುತ್ತಿದ್ದರೆ ಅವರ ವಿಮಾನ ಅಲ್ಲಾಡುವುದೇ ಇಲ್ಲ. ಆಕಾಶಕ್ಕೆ ಹೊಲಿದ ಹಾಗೆ ಇರುತ್ತದೆ. ನಿನ್ನ ಹೊಲಿಗೆಯ ಹಾಗೆ.

ನಿನ್ನ ಸೂಜಿ


ಫೆಬ್ರವರಿ ೬

ಮಗಳೇ,

ನಿನ್ನ ಕಾಗದ ಓದಿಸಿದ ಮೇಲೆ ಎರಡು ದಿನ ಮಾತಾಡಲಿಲ್ಲ. ನಿನ್ನ ಅತ್ತಿಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ನಿಧಾನಪ್ಪನಂತೆ! ಹೆಲ್ಮೆಟ್ ಹೊರುವುದಂತೆ! ನೀನು ಬೇರೆ ಯಾರನ್ನೋ ನೋಡಿದ್ದೀಯೆ. ಇಲ್ಲವೇ ಅವರು ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ. ಬಾಲ ಮುಂದೆ ಹೋಗಿ ತಲೆ ಹಿಂದೆ ಬರುವ ಪ್ರಾಣಿಯನ್ನು ನಾನು ಕಂಡಿಲ್ಲ. ಗಂಟಜ್ಜ "ಏಡಿ ಇದೆಯಲ್ಲಮ್ಮಾ, ಅದು ಹೆಂಗಾದರೂ ಹೋಗುತ್ತೆ" ಎಂದ. ಅವನನ್ನು ಗೋದಾಮಿಗೆ ಅಟ್ಟಿದೆ.

ಇಲ್ಲಿಯ ಸುದ್ದಿ ನಿನ್ನದಕ್ಕಿಂತ ದೊಡ್ಡದು. ಸರ್ಕಸ್ಸಿನವರು ದೊಡ್ಡ ಡೇರೆ ಕೇಳಿದ್ದಾರೆ. ನಾಲ್ಕು ನಡುಗಂಬ, ನಾವು ಈ ತನಕ ಹೊಲಿದದ್ದರಲ್ಲೆಲ್ಲ ದೊಡ್ಡದು. ಹೊಲಿದು ಕೊಟ್ಟರೆ ಸಾಲದು, ಅವರ ಮೈದಾನದಲ್ಲಿ ನಾವೇ ಎತ್ತಿ ನಿಲ್ಲಿಸಿ ತೋರಿಸಬೇಕು. ಏಪ್ರಿಲ್ ಮೂರನೇ ವಾರ. ಅದು ಸರಿಯಾಗಿ ಎದ್ದರೆ ಅವರ ಎಲ್ಲ ಡೇರೆಗಳೂ ನಮ್ಮವೇ. ಬಿದ್ದರೆ ಇಷ್ಟು ವರ್ಷ ಕಟ್ಟಿದ ಹೆಸರೂ ಅದರ ಜೊತೆ ಬೀಳುತ್ತದೆ.

ಡೇರೆ ಎತ್ತುವುದು ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಸುತ್ತ ಹಗ್ಗ ಹಿಡಿದವರಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ನಡುವೆ ನಿಂತವಳು ಕೂಗಬೇಕು, ಹಳದಿ ಕೈಗವಸು ಹಾಕಿದ ಕೈ ಎತ್ತಬೇಕು. ಆ ಕೈ ನೋಡಿ ಎಲ್ಲರೂ ಎಳೆಯಬೇಕು. ಆ ಕೈಗವಸು ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಕಂಡಿಲ್ಲ. ಅಲ್ಲಿ ನನ್ನದು ಒಂದೇ ಕಾನೂನು, ನೀನು ನಡೆಯಲು ಕಲಿಯುವ ಮೊದಲೇ ಕಲಿತದ್ದು: ಹಗ್ಗ ಬಿಟ್ಟವರು ಕೆಲಸ ಬಿಟ್ಟ ಹಾಗೆ. ಅಂಗೈ ಸುಲಿದರೂ ಬಿಡಬಾರದು.

ನಿಮ್ಮ ಸಿಡಿಲಮರಿಯವರಿಗೆ ಈ ಕಾನೂನು ಹೇಳು. ಮೆಚ್ಚುತ್ತಾರೆ.

ನಿನ್ನ ತಾಯಿ


ಮಾರ್ಚ್ ೨

ಅಮ್ಮಾ,

ಹೇಳಿದೆ. ಅವರು "ಬಿಡು ಅಂತ ಹೇಳೋರು ಯಾರಾದ್ರೂ ಇದ್ದಾರಾ ಅಲ್ಲಿ?" ಎಂದು ಕೇಳಿದರು. ನೀನೇ ಹೇಳು, ಇದ್ದಾರಾ?

ನಿನ್ನೆ ಮೊದಲ ಸಲ ಅವರೊಡನೆ ಮೋಡದೊಳಗೆ ಹಾರಿದೆ. ನಾನು ನಂಬರ್ ಟೂ. ಬಿಳಿ ಗೋಡೆಯೊಳಗೆ ನುಗ್ಗಿದ ಹಾಗೆ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದು. ಹೊರಗೆ ನೋಡಿದರೆ ತಲೆ ಸುತ್ತುತ್ತದೆ. ಹೊರಡುವ ಮೊದಲು ಅವರು ಹೇಳಿದ್ದು ಇಷ್ಟೇ: "ನಂಬರ್ ಟೂ ನೆಲ ನೋಡಲ್ಲ, ಆಕಾಶಾನೂ ನೋಡಲ್ಲ. ಲೀಡರ್ ರೆಕ್ಕೆ ನೋಡ್ತಾಳೆ. ಆ ರೆಕ್ಕೆ ಗುಡ್ಡಕ್ಕೆ ಹೋದ್ರೆ ನೀನೂ ಗುಡ್ಡಕ್ಕೆ. ಅದಕ್ಕೇ ಲೀಡರ್ ಆಗೋನು ಮೊದಲು ಒಳ್ಳೆ ನಂಬರ್ ಟೂ ಆಗಿರ್ಬೇಕು. ತನ್ನನ್ನ ನಂಬಿದೋರಿಗೆ ಎಷ್ಟು ಭಯ ಇರುತ್ತೆ ಅಂತ ಗೊತ್ತಿರ್ಬೇಕು." ನಾನು ರೆಕ್ಕೆ ತುದಿಯ ಕೆಂಪು ದೀಪ ಒಂದನ್ನೇ ನೋಡುತ್ತ ಹಾರಿದೆ. ಮೋಡದಿಂದ ಹೊರಬಿದ್ದಾಗ ಸೂರ್ಯ ನೇರ ಮುಖಕ್ಕೆ ಹೊಡೆಯಿತು. ರೇಡಿಯೋದಲ್ಲಿ ಕಿರುಚಿಬಿಟ್ಟೆ. ಇಳಿದ ಮೇಲೆ, "ಸೂಜಿ, ಕಿರುಚೋಕೆ ಬೇರೆ ಚಾನೆಲ್ ಇದೆ" ಎಂದರು. ಅಷ್ಟೇ ಅವರ ಬೈಗುಳ.

ಆಮೇಲೆ ನಿನ್ನ ಗೋಡೆಯ ಚಿತ್ರದ ಬಗ್ಗೆ ಕೇಳಿದೆ. ಅಮ್ಮಾ, ಅವರು ಒಬ್ಬರೇ ಆ ವಿಮಾನ ತರಲಿಲ್ಲ. ಎಣ್ಣೆ ಹಾರಿ ಗಾಜು ಮುಚ್ಚಿಹೋದ ಮೇಲೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಅವರ ನಂಬರ್ ಟೂ ಇದ್ದ, ಸ್ಕ್ವಾಡ್ರನ್ನಿಗೆ ಸೇರಿ ತಿಂಗಳೂ ಆಗಿರಲಿಲ್ಲ. ಅವನು ರೇಡಿಯೋದಲ್ಲಿ ಎಡ, ಬಲ, ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಎನ್ನುತ್ತಾ ಹೋದ. ಅವನು ಹೇಳಿದ ಹಾಗೆ ಇವರು ವಿಮಾನ ನಡೆಸುವ ಕೋಲು ತಿರುಗಿಸುತ್ತಾ ಬಂದರು. ಚಕ್ರ ನೆಲಕ್ಕೆ ತಾಗಿದ್ದು ಅವರಿಗೆ ಸದ್ದಿನಿಂದ ಗೊತ್ತಾಯಿತಂತೆ. "ಪತ್ರಿಕೆಯವರು ನನ್ನ ಹೆಸರು ಬರೆದ್ರು. ಹಾರಿಸಿದ್ದು ಅವನು. ನಾನು ಮಾಡಿದ್ದು ಒಂದೇ, ಅವನ ಮಾತು ಕೇಳಿದ್ದು. ಅದು ನಾನು ಮಾಡಿರೋದ್ರಲ್ಲೆಲ್ಲ ಕಷ್ಟದ ಕೆಲಸ" ಎಂದರು. ಹೆಗಲ ಮೇಲಿನ ಕೈ ಅವನದೇ.

ಏಪ್ರಿಲ್ ಎರಡನೇ ವಾರ ನಾನು ನಾಲ್ಕು ವಿಮಾನಕ್ಕೆ ಲೀಡರ್! ನಿದ್ದೆ ಬರುತ್ತಿಲ್ಲ. ಇದರಲ್ಲಿ ಪಾಸಾದರೆ ಇಲ್ಲೇ ಉಳಿಯುತ್ತೇನೆ, ಇಲ್ಲವಾದರೆ ಸರಕು ವಿಮಾನಕ್ಕೆ.

ಒಂದು ಮಾತು. ನಿನ್ನ ಅಕ್ಷರ ಕಾಗದದಿಂದ ಕಾಗದಕ್ಕೆ ದೊಡ್ಡದಾಗುತ್ತಿದೆ. ಕನ್ನಡಕ ಸಿಕ್ಕಿತಾ?

ಸೂಜಿ


ಮಾರ್ಚ್ ೧೫

ಮಗಳೇ,

ಕನ್ನಡಕ ಸಿಕ್ಕಿದೆ. ಅದರಿಂದ ಉಪಯೋಗವಿಲ್ಲ.

ಸುತ್ತಿ ಬಳಸಿ ಬರೆಯುವುದು ನನಗೆ ಬಾರದು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೇಜಿನ ಆಚೆ ಕೂತವರ ಮುಖ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಡಾಕ್ಟರು ಶಸ್ತ್ರಚಿಕಿತ್ಸೆ ಎಂದಿದ್ದಾರೆ. ಡೇರೆ ಎದ್ದ ಮೇಲೆ ನೋಡೋಣ ಎಂದು ಬಂದಿದ್ದೇನೆ. ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂ ಬಾರದು. ಕಣ್ಣಿಲ್ಲದ ತಲೆಯನ್ನು ಯಾವ ಕೈಕಾಲು ಕೇಳುತ್ತದೆ?

ನೀನು ರಜೆ ಹಾಕಿ ಬಾ. ಏಪ್ರಿಲ್ ಎರಡನೇ ವಾರ ಬಂದು ಹಗ್ಗ, ಕಂಬ, ಜನ ಎಲ್ಲ ನೋಡಿಕೊಂಡು ಮೂರನೇ ವಾರ ನಡುವೆ ನಿಂತು ನೀನು ಕೂಗಬೇಕು. ಕೈಗವಸು ನಿನಗೇ ಕೊಡುತ್ತೇನೆ. ಆಮೇಲೆ ಹಾರು, ಬೇಡ ಎನ್ನುವುದಿಲ್ಲ.

ನಿನ್ನ ತಾಯಿ


ಮಾರ್ಚ್ ೨೧

ಅಮ್ಮಾ,

ಬರಲಾರೆ. ಆ ವಾರ ಬಿಟ್ಟರೆ ನನಗೆ ಮತ್ತೆ ಸರದಿ ಇಲ್ಲ.

ಈ ಕಾಗದ ನಿನಗೆ ಓದುತ್ತಿರುವವರು ಯಾರು? ಹನ್ನೆರಡು ವರ್ಷದಿಂದ ನಿನ್ನ ಪಕ್ಕದಲ್ಲಿ ನಿಂತವರು ಯಾರು? ಅತ್ತಿಗೆ, ಈ ಸಾಲು ನುಂಗಬೇಡಿ. ಗಟ್ಟಿಯಾಗಿ ಓದಿ.

ಕೋಪ ಮಾಡಿಕೋ. ಆದರೆ ಉತ್ತರ ಬರೆ.

ಸೂಜಿ


ಮಾರ್ಚ್ ೨೬

ಸಿಡಿಲಮರಿ ಎಂದು ಹೆಸರಾದ ಕಮಾಂಡರ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಚಿತ್ರ ನನ್ನ ಗೋಡೆಯಲ್ಲಿದೆ, ಆದ್ದರಿಂದ ನನಗೆ ನಿಮ್ಮ ಪರಿಚಯವಿದೆ. ನೀವು ಸೂಜಿ ಎಂದು ಕರೆಯುವ ಹುಡುಗಿಯ ತಾಯಿ ನಾನು. ಅವಳಿಗೆ ನಾವು ಇಟ್ಟ ಹೆಸರು ಚೆನ್ನಾಗಿಯೇ ಇತ್ತು. ಇರಲಿ.

ನನಗೆ ಎರಡು ದೂರು ಇವೆ. ಒಂದು, ನನ್ನ ಮಗಳಿಗೆ ಏಪ್ರಿಲ್‌ನಲ್ಲಿ ರಜೆ ಬೇಕು. ಕಾರ್ಖಾನೆ ಕಷ್ಟದಲ್ಲಿದೆ. ಅವಳು ಕೇಳುವುದಿಲ್ಲ, ನೀವು ಅಪ್ಪಣೆ ಮಾಡಿ ಕಳಿಸಬೇಕು. ಎರಡು, ನೀವು ಲೀಡರ್ ಆಗಿ ಮುಂದೆ ಹಾರುವುದು ಬಿಟ್ಟು ನಿನ್ನೆ ಮೊನ್ನೆ ಬಂದ ಮಕ್ಕಳ ಹಿಂದೆ ಹಾರುತ್ತೀರಂತೆ, ಅವರ ಹೆಲ್ಮೆಟ್ ಹೊರುತ್ತೀರಂತೆ. ನಿಮ್ಮನ್ನು ನೋಡಿ ಒಂದು ಕಾರ್ಖಾನೆ ನಡೆಸಿದವಳು ನಾನು. ನೀವೇ ಹೀಗೆ ಮಾಡಿದರೆ ನನ್ನಂಥವರು ಯಾರನ್ನು ನೋಡಬೇಕು?

ಒರಟಾಗಿ ಬರೆದಿದ್ದರೆ ಬೇಸರ ಬೇಡ. ನಾನು ಮಾತಾಡುವುದೂ ಹೀಗೆಯೇ. ನೀವು ದೊಡ್ಡವರು. ನನ್ನ ಗೌರವದಲ್ಲಿ ಕಡಿಮೆ ಆಗಿಲ್ಲ.

ಡೇರೆ ಕಾರ್ಖಾನೆಯ ಯಜಮಾನಿ


ಏಪ್ರಿಲ್ ೨

ತಾಯೀ,

ನಿಮ್ಮ ಕಾಗದ ಓದಿ ಎದ್ದು ನಿಂತೆ. ಬಹಳ ದಿನದ ಮೇಲೆ ಒಬ್ಬರು ನನ್ನನ್ನು ನೆಟ್ಟಗೆ ಬೈದಿದ್ದಾರೆ.

ಮೊದಲ ದೂರು: ರಜೆಯ ಚೀಟಿಗೆ ಸಹಿ ಹಾಕಿ ನಿಮ್ಮ ಮಗಳ ಕೈಗೆ ಕೊಟ್ಟಿದ್ದೇನೆ. ಬರುವುದು ಬಿಡುವುದು ಅವಳ ತೀರ್ಮಾನ. ಆ ವಾರ ಅವಳು ನನ್ನ ಲೀಡರ್. ಲೀಡರ್‌ಗೆ ನಂಬರ್ ಟೂ ಅಪ್ಪಣೆ ಮಾಡುವುದಿಲ್ಲ.

ಎರಡನೆಯ ದೂರಿಗೆ ಉತ್ತರ ಬರೆಯಲು ನನಗೆ ಬಾರದು. ಜೊತೆಗೆ ಒಂದು ಚಿತ್ರ ಇಟ್ಟಿದ್ದೇನೆ. ನಿಮ್ಮ ಗೋಡೆಯಲ್ಲಿರುವುದೇ, ಆದರೆ ಪೂರ್ತಿ. ನಿಮ್ಮದರಲ್ಲಿ ಎಡಗಡೆ ಒಬ್ಬ ಇಲ್ಲ, ಬರೀ ಕೈ ಇದೆ ಎಂದು ಸೂಜಿ ಹೇಳಿದಳು. ಅವನು ಈಗಿಲ್ಲ, ಮುಂದೊಂದು ಹಾರಾಟದಲ್ಲಿ ಹೋದ. ಅವನಿಗೆ ಲೀಡರ್ ಆಗುವ ಸರದಿ ಬರಲೇ ಇಲ್ಲ. ಯಾವಾಗಲೂ ನಾನೇ ಮುಂದೆ ಇದ್ದೆ. ಅದಕ್ಕೇ ಈಗ ಸರದಿ ಬೇಗ ಕೊಡುತ್ತೇನೆ.

ನಿಮ್ಮ ಕಾಗದಗಳನ್ನು ಯಾರೋ ಓದಿ ಹೇಳುತ್ತಾರೆ ಎಂದು ಕೇಳಿದೆ. ಓದುತ್ತಿರುವವರಿಗೂ ನನ್ನ ನಮಸ್ಕಾರ.

ನಿಧಾನಪ್ಪ


ಏಪ್ರಿಲ್ ೧೦

ಅಮ್ಮಾ! ಅತ್ತಿಗೆ! ಗಂಟಜ್ಜಾ! ಯಂತ್ರ ನಿಲ್ಲಿಸಿ!

ನಿನ್ನೆ ಹಾರಿದೆ. ನಾನು ಮುಂದೆ, ಸಿಡಿಲಮರಿ ನನ್ನ ಪಕ್ಕ, ಹಿಂದೆ ಇನ್ನಿಬ್ಬರು. ಎದುರಾಳಿಗಳಾಗಿ ನಮ್ಮವರೇ ಬೇರೆ ನೆಲೆಯಿಂದ ಎರಡು ವಿಮಾನ ತಂದಿದ್ದರು. ಅವರನ್ನು ಹುಡುಕಿ ಹಿಡಿದರೆ ಗೆಲುವು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ರೇಡಿಯೋದಲ್ಲಿ ಕೇಳಿಸುತ್ತದೇನೋ ಎನಿಸಿತು. "ಎಲ್ಲರೂ ಎಡಕ್ಕೆ" ಎಂದೆ. ನನ್ನ ಮಾತಿಗೆ ನಾಲ್ಕು ವಿಮಾನ ಒಟ್ಟಿಗೆ ವಾಲಿದವು. ಅಮ್ಮಾ, ಹಳದಿ ಕೈ ಎತ್ತಿದಾಗ ನಿನಗೆ ಹೀಗೇ ಆಗುತ್ತಿತ್ತಾ? ಯಾಕೆ ಯಾವತ್ತೂ ಹೇಳಲಿಲ್ಲ?

ಅವರು ಸಿಕ್ಕರು. ಅಟ್ಟಿಸಿಕೊಂಡು ಹೋದೆವು. ನಿಧಾನಪ್ಪ ಆಗ ನಿಧಾನಪ್ಪ ಅಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬನ ಬೆನ್ನ ಹಿಂದೆ ಕೂತಿದ್ದರು. ಇನ್ನು ಅರೆಕ್ಷಣ, ಅಷ್ಟೇ. ಆಗ ನನಗೆ ನಾಲ್ಕನೆಯವನ ನೆನಪಾಯಿತು. ನಾವು ತಿರುಗಿದಾಗಲೆಲ್ಲ ಹೊರಸುತ್ತಿನಲ್ಲಿದ್ದವನು ಅವನು, ನಮಗಿಂತ ದೂರ ಹಾರಿದ್ದ, ನಮಗಿಂತ ಹೆಚ್ಚು ಇಂಧನ ಸುಟ್ಟಿದ್ದ. ಕೇಳಿದರೆ ಇದೆ ಎನ್ನುತ್ತಾನೆ. ಗೆಲುವು ಹಾಳು ಮಾಡಲು ಯಾರಿಗೆ ಇಷ್ಟ? ನಾನು ಕೇಳಲಿಲ್ಲ. "ಬಿಡಿ. ಎಲ್ಲರೂ ಮನೆಗೆ" ಎಂದೆ.

ಸಿಡಿಲಮರಿ ಬಿಟ್ಟರು! ಬಾಯಿಗೆ ಬಂದ ತುತ್ತನ್ನು ಬಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತರು.

ಇಳಿದ ಮೇಲೆ ಮೂರನೆಯವನು ಸಿಡುಕಿದ: "ಗೆದ್ದಿದ್ದನ್ನ ಕೈಯಾರೆ ಚೆಲ್ಲಿದೆಯಲ್ಲೇ ಸೂಜಿ!" ನಿಧಾನಪ್ಪ ನಾಲ್ಕನೆಯವನನ್ನು ಮಾತ್ರ ಕೇಳಿದರು: "ಇಳಿದಾಗ ಎಷ್ಟು ಉಳಿದಿತ್ತಪ್ಪಾ?" ಅವನು ತಲೆ ತಗ್ಗಿಸಿ, "ಇನ್ನೊಂದು ಸುತ್ತು ಹಾಕಿದ್ರೆ ಇಳೀತಿರಲಿಲ್ಲ ಸಾರ್" ಎಂದ. ಆಮೇಲೆ ಅವರು ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಆ ಉದ್ದ ಮೈದಾನ ಪೂರ್ತಿ ನಿಧಾನವಾಗಿ ನಡೆದು ಬಂದರು. ನಾನು ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬು ಹುಡುಕಿದೆ.

ಪಾಸು! ಇಲ್ಲೇ ಉಳಿಯುತ್ತೇನೆ!

ನಿಮ್ಮ ಡೇರೆ ಯಾವ ದಿನ? ಯಾರು ಕೂಗುತ್ತಾರೆ?

ಸೂಜಿ


ಏಪ್ರಿಲ್ ೧೯

ಮಗಳೇ,

ಇದು ನಿನ್ನ ಅತ್ತಿಗೆಯ ಅಕ್ಷರ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಅವಳ ವಿಷಯವೇ ಬರುವುದರಿಂದ ಏನೂ ಬಿಡಬಾರದು, ಏನೂ ಸೇರಿಸಬಾರದು ಎಂದು ಎಚ್ಚರಿಕೆ ಕೊಟ್ಟಿದ್ದೇನೆ.

ಅವರು ಕಳಿಸಿದ ಚಿತ್ರವನ್ನು ಹಗಲ ಬೆಳಕಿನಲ್ಲಿ ಮೂಗಿಗೆ ತಾಗಿಸಿಕೊಂಡು ನೋಡಿದೆ. ಎಡಗಡೆ ಒಬ್ಬ ನಿಂತಿದ್ದಾನೆ. ಕಿವಿ ಸ್ವಲ್ಪ ದೊಡ್ಡದು, ನಗುತ್ತಿದ್ದಾನೆ. ನನ್ನ ಚಿತ್ರದಲ್ಲಿ ಅವನು ಇಲ್ಲದ್ದಕ್ಕೆ ಕಾರಣ ಪತ್ರಿಕೆಯವರಲ್ಲ. ನಮ್ಮ ಮನೆಯಲ್ಲಿದ್ದ ಫ್ರೇಮು ಕಿರಿದು. ಅಷ್ಟು ಅಗಲ ಹಿಡಿಯಲಿಲ್ಲ, ಕತ್ತರಿ ಹಾಕಿದೆ. ಕತ್ತರಿ ಹಿಡಿದೇ ಬದುಕಿದವಳು, ನೇರವಾಗಿಯೇ ಕತ್ತರಿಸಿದ್ದೆ. ಕೈ ಮಾತ್ರ ಉಳಿದಿತ್ತು.

ನಿನ್ನ ಕಾಗದ ಬಂದ ದಿನ ಯಂತ್ರ ನಿಲ್ಲಿಸಿದೆವು. ಅವರು ಬೆನ್ನ ಹಿಂದೆ ಕೂತಿದ್ದವನನ್ನು ಬಿಟ್ಟ ಕಡೆ ಬಂದಾಗ ಅಂಚು ಹೊಲಿಯುವವಳು "ಅಯ್ಯೋ!" ಎಂದಳು, ಗಂಟಜ್ಜ "ಭಲೇ!" ಎಂದ. ಮುಂದೆ ಓದಿ ಪಾಸು ಎಂದಾಗ ಎಲ್ಲರೂ ಮೇಜು ಬಡಿದರು. ನಾನೂ ಬಡಿದೆ. ಆಮೇಲೆ ನೀನು ಕೇಳಿದ ಕೊನೆಯ ಪ್ರಶ್ನೆ ಬಂತು. ಯಾರು ಕೂಗುತ್ತಾರೆ?

"ನನ್ನ ಕಣ್ಣು ಹೋಗಿದೆ" ಎಂದೆ. ಎಲ್ಲರ ಎದುರಿಗೆ.

ಯಾರೂ ಬೆಚ್ಚಲಿಲ್ಲ. ಗಂಟಜ್ಜ ಬೀಡಿ ಕಿವಿಯ ಮೇಲಿಟ್ಟು, "ಅದು ಹಳೇ ಸುದ್ದಿ ಅಮ್ಮಾ" ಎಂದ. "ಹೋದ ವರ್ಷದಿಂದ ಬಾಯಿ ನಿಮ್ದು, ಕಣ್ಣು ಸೊಸೇದು. ಅವರು ಹಿಂದೆ ನಿಂತು ಎಡಗಂಬ ವಾಲ್ತಿದೆ ಅಂತ ಪಿಸುಗುಟ್ಟೋದು, ನೀವು ಎಡಗಂಬ ಎಳೀರೋ ಅಂತ ಗುಡುಗೋದು. ನಮಗೆಲ್ಲ ಮೊದಲೇ ಪಿಸುಮಾತಿಗೆ ಕೈ ಆಡ್ತಿತ್ತು. ನೀವು ಗುಡುಗೋ ಹೊತ್ತಿಗೆ ಕೆಲಸ ಅರ್ಧ ಆಗಿರ್ತಿತ್ತು."

ನಾನು ಅವಳ ಪಿಸುಮಾತನ್ನು ನನ್ನದೇ ಯೋಚನೆ ಎಂದುಕೊಂಡಿದ್ದೆ, ಮಗಳೇ.

ಕೈಗವಸು ತೆಗೆದು ನಿನ್ನ ಅತ್ತಿಗೆಯ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. "ನೀವು ಎಲ್ಲಿರ್ತೀರಿ ಅತ್ತೆ?" ಎಂದು ಕೇಳಿದಳು. "ನೀನು ಹೇಳಿದ ಕಡೆ" ಎಂದೆ. ಆಗ ಹಾಕಿಕೊಂಡಳು. ಹಾಕಿಕೊಂಡದ್ದೇ ತಡ, "ಹಾಗಾದ್ರೆ ಆರನೇ ಹಗ್ಗ. ನನಗೆ ಹತ್ತಿರ. ನನ್ನ ಕೈ ನಿಮಗೆ ಕಾಣುತ್ತೆ" ಎಂದಳು. ಎಷ್ಟು ದಿನದಿಂದ ಯೋಚಿಸಿಟ್ಟಿದ್ದಳೋ! ಗಂಟಜ್ಜ "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ರಾಗ ಎಳೆದ. ಈ ಸಲ ಗೋದಾಮಿಗೆ ಅಟ್ಟಿದವಳು ಅವಳು.

ನಿನ್ನೆ ಬೆಳಿಗ್ಗೆ ಮೈದಾನ. ಕಂಬಗಳು ನಿಂತಿದ್ದವು, ಬಟ್ಟೆ ನೆಲದ ಮೇಲೆ ಕೆರೆಯ ಹಾಗೆ ಹರಡಿತ್ತು. ನಾನು ಆರನೇ ಹಗ್ಗ ಹಿಡಿದು ನಿಂತೆ, ನನ್ನ ಹಿಂದೆ ಮೂವರು. ದೂರದ ಕಂಬ ನನಗೆ ಇಲ್ಲ. ಆಚೆ ಬದಿಯ ಜನ ಇಲ್ಲ. ಸುತ್ತ ಎಲ್ಲ ಹಾಲು. ಅದರ ನಡುವೆ ಎರಡು ಹಳದಿ ಚುಕ್ಕೆ. ನಿನ್ನ ಮೋಡ, ನಿನ್ನ ಕೆಂಪು ದೀಪ ನೆನಪಾಯಿತು. ನೆಲ ನೋಡಲಿಲ್ಲ, ಆಕಾಶ ನೋಡಲಿಲ್ಲ.

ಹನ್ನೆರಡು ವರ್ಷ ಪಿಸುಗುಟ್ಟಿದವಳಿಗೆ ಅಂಥ ಗಂಟಲು ಎಲ್ಲಿತ್ತೋ! "ಎಳೀರಿ!" ಎಂದಳು ನೋಡು, ಸರ್ಕಸ್ಸಿನ ಕುದುರೆಗಳು ಕೆನೆದವು. ಬಟ್ಟೆ ಉಸಿರು ತುಂಬಿಕೊಂಡು ಎದ್ದಿತು. ಎದೆಯೆತ್ತರ, ಆಳೆತ್ತರ, ಇನ್ನೂ ಮೇಲೆ. ನನ್ನ ತೋಳಿಗೆ ಇಪ್ಪತ್ತು ವರ್ಷ ಕಡಿಮೆಯಾದ ಹಾಗಿತ್ತು. ಮುಕ್ಕಾಲು ಎದ್ದಾಗ ಗಾಳಿ ಬಂತು. ಮೈದಾನದ ಆಚೆಯಿಂದ ಧೂಳು ಎದ್ದಿದ್ದು ನನಗೆ ಕಾಣಲಿಲ್ಲ, ಅವಳಿಗೆ ಕಂಡಿತು. ನಮ್ಮ ಬದಿ ಬಟ್ಟೆ ಉಬ್ಬಿತು, ಹಗ್ಗ ಕೈಯಲ್ಲಿ ಬಿಗಿದು ಹಾಡತೊಡಗಿತು. ನಾನು ಹಿಮ್ಮಡಿ ಊರಿ ಇನ್ನೂ ಗಟ್ಟಿ ಹಿಡಿದೆ. ಹಗ್ಗ ಬಿಟ್ಟವರು ಕೆಲಸ ಬಿಟ್ಟ ಹಾಗೆ!

"ಆರನೇ ಹಗ್ಗ, ಬಿಡಿ!"

ಹಿಂದಿನ ಮೂವರೂ ಬಿಡಲಿಲ್ಲ. ನನ್ನ ಕಾನೂನಿನಲ್ಲಿ ಬೆಳೆದವರು, ನನ್ನ ಕೈ ನೋಡುತ್ತಿದ್ದರು.

"ಅತ್ತೆ, ಬಿಡಿ!"

ಬಿಟ್ಟೆ.

ಹುಟ್ಟಿದಾಗಿನಿಂದ ಒಬ್ಬರು ಹೇಳಿದರು ಎಂದು ಹಿಡಿದದ್ದನ್ನು ಬಿಟ್ಟವಳಲ್ಲ ನಾನು. ನಿಮ್ಮ ಸಿಡಿಲಮರಿ ಹೇಳಿದ್ದು ನಿಜ, ಅದಕ್ಕಿಂತ ಕಷ್ಟದ ಕೆಲಸ ಇಲ್ಲ. ಕ್ಷಣವೂ ಆಗಲಿಲ್ಲ ಅದು. ನಾನು ಬಿಟ್ಟದ್ದು ನೋಡಿ ಹಿಂದಿನವರೂ ಬಿಟ್ಟರು. ಹಗ್ಗ ಹಾವಿನ ಹಾಗೆ ಸುಯ್ಯೆಂದು ನಮ್ಮ ತಲೆಯ ಮೇಲೆ ಹಾರಿ ಹೋಯಿತು, ತುದಿಯ ಕಬ್ಬಿಣದ ಬಳೆ ಕಂಬಕ್ಕೆ ಬಡಿದ ಸದ್ದು ಊರಿಗೆಲ್ಲ ಕೇಳಿತಂತೆ. ಹಿಡಿದಿದ್ದರೆ ನಮ್ಮನ್ನೂ ಹಾಗೆಯೇ ಎತ್ತಿ ಬಡಿಯುತ್ತಿತ್ತು. ಗಾಳಿ ಆ ಬದಿಯಿಂದ ಹೊರಬಿತ್ತು. ಅವಳು ಮಿಕ್ಕ ಹಗ್ಗಗಳನ್ನು ಸಡಿಲಿಸಿ ಬಟ್ಟೆಯನ್ನು ಮಗು ಮಲಗಿಸುವ ಹಾಗೆ ನೆಲಕ್ಕೆ ಇಳಿಸಿದಳು. ಒಂದು ಕಡೆಯೂ ಹರಿಯಲಿಲ್ಲ.

ಗಾಳಿ ಹೋದ ಮೇಲೆ ಮತ್ತೆ ಎತ್ತಿದೆವು. ನಿಂತಿತು! ಕೆಂಪು, ಬಿಳಿ, ಒಳ್ಳೆ ಬೆಟ್ಟದ ಹಾಗೆ ಇದೆಯಂತೆ. ಸರ್ಕಸ್ಸಿನ ಯಜಮಾನ ನನ್ನ ಹತ್ತಿರ ಬಂದು, "ಎಂಥಾ ಕೆಲಸ ಅಮ್ಮಾ! ಮುಂದಿನ ಡೇರೆ ಯಾವಾಗ ಶುರು ಮಾಡ್ತೀರಿ?" ಎಂದ. "ನನ್ನ ಕೇಳಬೇಡಪ್ಪಾ, ಹಳದಿ ಕೈಗವಸಿನವಳನ್ನ ಕೇಳು" ಎಂದೆ. ಅವಳು ಅಲ್ಲೇ ಮರದ ಪೆಟ್ಟಿಗೆಯ ಮೇಲೆ ಕೂತು ಅಳುತ್ತಿದ್ದಳು. (ಅಳಲಿಲ್ಲ, ಕಣ್ಣಿಗೆ ಧೂಳು ಬಿದ್ದಿತ್ತು. ಅತ್ತಿಗೆ.) ನೋಡಿದೆಯಾ, ಏನೂ ಸೇರಿಸಬೇಡ ಎಂದಿದ್ದೆ.

ಚಿತ್ರದ ಹಳೆ ಫ್ರೇಮು ಬಿಚ್ಚಿದ್ದೇವೆ. ಪೂರ್ತಿ ಚಿತ್ರಕ್ಕೆ ಗಂಟಜ್ಜ ಅಗಲದ ಫ್ರೇಮು ಮಾಡುತ್ತಿದ್ದಾನೆ. ನಾಳೆ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಸೇರಿಸುತ್ತಾರೆ. ನಾನು ಮುಂದಿನ ತಿಂಗಳು ಎಂದೆ. ಅವಳು ನಾಳೆ ಎಂದಳು. ನಾಳೆಯೇ. ಪೊರೆ ತೆಗೆದ ಮೇಲೆ ಮೊದಲು ಆ ದೊಡ್ಡ ಕಿವಿಯವನ ಮುಖ ಸರಿಯಾಗಿ ನೋಡಬೇಕು, ಆಮೇಲೆ ನೀನು ಹಾರುವುದನ್ನು. ನಿಮ್ಮ ನಿಧಾನಪ್ಪನವರಿಗೆ ಹೇಳು, ಎರಡೂ ದೂರು ವಾಪಸು ತೆಗೆದುಕೊಂಡಿದ್ದೇನೆ.

ಇನ್ನೊಂದು ಮಾತು, ಇದನ್ನು ಅವರಿಗೆ ತಪ್ಪದೆ ಹೇಳು. ಮೈದಾನದಿಂದ ಬಸ್ಸಿನ ತನಕ ದೂರವಿತ್ತು. ನಿನ್ನ ಅತ್ತಿಗೆ ಕೈಗವಸು ತೆಗೆದು ಜೇಬಿಗೆ ತುರುಕಲು ಹೋದಳು. ನಾನು ಕಿತ್ತುಕೊಂಡೆ. ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರೂ ನೋಡುತ್ತಿರುವಂತೆ, ಬಹಳ ನಿಧಾನವಾಗಿ ನಡೆದೆ.

ನಿನ್ನ ತಾಯಿ,
ಆರನೇ ಹಗ್ಗ